ಲವಂಗ ಕುಡಿದ ಮೋಟಾರು

ಮೊನ್ನೆ ಹಲ್ಲು ನೋಯುತ್ತಿತ್ತೆಂದು ಒಂದು ಲವಂಗವನ್ನು ದವಡೆಯಲ್ಲಿ ಒತ್ತಿ ಹಿಡಿದು ಕೂತಿದ್ದೆ. ಲವಂಗದ ವಾಸನೆ ಬಂದರೆ ಬೇರೆಯವರಿಗೆ ಏನು ನೆನಪಾಗುತ್ತದೆಯೋ ನನಗೆ ಗೊತ್ತಿಲ್ಲ. ಮದುವೆ ಮನೆಯ ತಾಂಬೂಲವೋ, ಮಸಾಲೆ ಭಾತೋ ನೆನಪಾಗುತ್ತಿರಬೇಕು. ನನಗೆ ನೆನಪಾಗುವುದು ಕಾದ ಕಬ್ಬಿಣ, ಉಗಿ, ಬಾನೆಟ್ಟು ತೆರೆದಿಟ್ಟು ತಲೆ ಕೆರೆದುಕೊಳ್ಳುತ್ತ ನಿಂತ ಒಬ್ಬ ಡ್ರೈವರು. ಇದನ್ನು ಈವರೆಗೆ ಯಾರಿಗೂ ಹೇಳಿದ್ದಿಲ್ಲ. ಇದರಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್‌ಸಿ. ಪಾಸಾದ ಹುಡುಗಿಯೊಬ್ಬಳು ಬರುತ್ತಾಳೆ, ಅವಳಿಗೆ ಇದರಿಂದ ಅಂಥ ಮರ್ಯಾದೆಯೇನೂ ಬರುವುದಿಲ್ಲ. ಆ ಹುಡುಗಿ ನಾನೇ ಆದ್ದರಿಂದ ಇಷ್ಟು ದಿನ ಸುಮ್ಮನಿದ್ದೆ.

ನಮ್ಮದು ಗಡಹಿಂಗ್ಲಜದಲ್ಲಿ ಬೆಲ್ಲದ ವ್ಯಾಪಾರ ಮಾಡುವ ಜೈನರ ಮನೆ. ಆಯಿ, ಎಂದರೆ ಅಪ್ಪನ ತಾಯಿ, ಆ ಮನೆಯ ನೀರಿನ ಯಜಮಾನಿ. ಬೆಲ್ಲ, ಹೊಲ, ಕೊಡುಕೊಳ್ಳುವುದು ಎಲ್ಲ ಅಪ್ಪನದು. ನೀರು ಮಾತ್ರ ಆಯಿಯದು. ಬಾವಿಯಿಂದ ಸೇದಿದ ನೀರನ್ನು ಎರಡು ಪದರಾಗಿ ಮಡಿಚಿದ ದಪ್ಪ ಬಟ್ಟೆಯಲ್ಲಿ ಸೋಸದೆ ಒಂದು ಹನಿಯನ್ನೂ ಯಾರೂ ಬಳಸುವಂತಿರಲಿಲ್ಲ. ಸೋಸಿದರೆ ಮುಗಿಯಲಿಲ್ಲ. ಬಟ್ಟೆಯನ್ನು ಮಗುಚಿ, ಅದರ ಮೇಲೆ ಸೋಸಿದ ನೀರನ್ನೇ ಹೊಯ್ದು, ಅಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಒಂದು ತಂಬಿಗೆಗೆ ಇಳಿಸಿ, ಮತ್ತೆ ಅದೇ ಬಾವಿಗೆ ಬಿಡಬೇಕು. ಬೇರೆ ಬಾವಿಗೆ ಬಿಟ್ಟರೆ ಅವಕ್ಕೆ ಅಲ್ಲಿಯ ನೀರು ಒಗ್ಗುವುದಿಲ್ಲ. ಮೇಲಿನಿಂದ ಸುರಿಯುವಂತೆಯೂ ಇಲ್ಲ, ಪೆಟ್ಟಾಗುತ್ತದೆ. ಅದಕ್ಕೇ ಆ ತಂಬಿಗೆಯ ಬುಡಕ್ಕೂ ಒಂದು ಬಳೆ ಬೆಸೆದು, ಹಗ್ಗವನ್ನು ಅದಕ್ಕೆ ಕಟ್ಟಿ, ಬಾಯಿಯ ಹತ್ತಿರ ಬರೀ ಒಂದು ಕೊಕ್ಕೆಯಿಂದ ಸಿಕ್ಕಿಸುತ್ತಿದ್ದರು. ಹಗ್ಗ ಇಳಿಸುತ್ತ ಹೋಗಿ ತಂಬಿಗೆ ನೀರು ಮುಟ್ಟಿ ಹಗ್ಗ ಸಡಿಲಾದಾಗ ಮೇಲಿನ ಕೊಕ್ಕೆ ಕಳಚಿಕೊಂಡು, ಅದು ನೀರಿನಲ್ಲೇ ಮೆಲ್ಲನೆ ತಲೆಕೆಳಗಾಗುತ್ತಿತ್ತು. ಚಿಕ್ಕವಳಿದ್ದಾಗ ಅದು ನನ್ನ ಕೆಲಸ. ಬಾವಿಯ ಕಟ್ಟೆಯ ಮೇಲೆ ಹೊಟ್ಟೆ ಊರಿ ಮಲಗಿ, ತಂಬಿಗೆ ಮಗುಚುವುದನ್ನು ನೋಡುತ್ತ, ಒಳಗಿನವರು ಮನೆ ಸೇರಿದರು ಎಂದುಕೊಳ್ಳುತ್ತಿದ್ದೆ.

ಈ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಕೊಲ್ಹಾಪುರದ ಕಾಲೇಜಿನಲ್ಲಿ ಮೊದಲ ಸಲ ಸೋಸುಕಾಗದದಲ್ಲಿ ದ್ರಾವಣವೊಂದನ್ನು ಸೋಸಿ, ಕಾಗದದಲ್ಲಿ ಉಳಿದ ನೀಲಿ ಕೆಸರನ್ನು ನೋಡುತ್ತ ಬಹಳ ಹೊತ್ತು ನಿಂತುಬಿಟ್ಟೆ. ಪ್ರೊಫೆಸರರು ಏನು ಯೋಚಿಸುತ್ತಿದ್ದೀ ಎಂದು ಕೇಳಿದರು. ಏನಿಲ್ಲ ಎಂದೆ. ಇದನ್ನು ಯಾವ ಬಾವಿಗೆ ತಿರುಗಿ ಬಿಡಬೇಕು ಎಂದು ಯೋಚಿಸುತ್ತಿದ್ದೇನೆಂದು ಅವರಿಗೆ ಹೇಗೆ ಹೇಳಲಿ?

ಲವಂಗದ ಮಾತಿಗೆ ಬರುತ್ತೇನೆ. ಸೋಸಿದ ನೀರು ಹೆಚ್ಚು ಹೊತ್ತು ಸೋಸಿದ ನೀರಾಗಿ ಉಳಿಯುವುದಿಲ್ಲ. ಅದರಲ್ಲಿ ಮತ್ತೆ ಜೀವ ಹುಟ್ಟುತ್ತದೆ. ಹುಟ್ಟಬಾರದೆಂದರೆ ಕುದಿಸಬೇಕು. ಕುದಿಸಲು ಅನುಕೂಲವಿಲ್ಲದಿದ್ದರೆ ಚೂರು ಲವಂಗದ ಪುಡಿ ಹಾಕಿ ನೀರಿನ ಬಣ್ಣ, ರುಚಿ ಬದಲಿಸಬೇಕು. ಹಾಗೆ ಮಾಡಿದ ನೀರಿಗೆ ನಮ್ಮಲ್ಲಿ ಪ್ರಾಸುಕ ನೀರು ಎನ್ನುತ್ತಾರೆ. ಆಯಿ ನೇಮದವಳು, ಅವಳು ಕುಡಿಯುತ್ತಿದ್ದುದು ಅದನ್ನೇ. ವಾರಕ್ಕೊಮ್ಮೆ ಹಿತ್ತಾಳೆಯ ಕುಟ್ಟಾಣಿಯಲ್ಲಿ ಅವಳ ಲವಂಗ ಕುಟ್ಟಿ ಡಬ್ಬಿ ತುಂಬಿಡುವುದು ನನ್ನ ಪಾಲಿಗೆ ಬಂದಿತ್ತು. ಕಾಲೇಜು ಸೇರಿದ ಮೇಲೂ ರಜೆಗೆ ಬಂದಾಗಲೆಲ್ಲ ಕುಟ್ಟಿದ್ದೇನೆ. ಒಬ್ಬ ಮುದುಕಿ ಇಷ್ಟೊಂದು ಲವಂಗವನ್ನು ಹೇಗೆ ಕುಡಿಯುತ್ತಾಳೆಂದು ಒಮ್ಮೊಮ್ಮೆ ಆಶ್ಚರ್ಯವಾಗುತ್ತಿತ್ತು. ಕೇಳಲಿಲ್ಲ. ಚಿಕ್ಕವಳಿದ್ದಾಗ ದೊಡ್ಡವರನ್ನು ಕೇಳಬಾರದೆಂದು ಕೇಳಲಿಲ್ಲ. ಕಲಿತ ಮೇಲೆ, ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗಳನ್ನು ಕೇಳುವ ರೂಢಿಯೇ ತಪ್ಪಿಹೋಯಿತು.

ಎರಡನೆಯ ಮಹಾಯುದ್ಧ ಇನ್ನೂ ನಡೆದಿದ್ದ ಒಂದು ವರ್ಷ, ಜೂನ್ ತಿಂಗಳ ಮೊದಲಲ್ಲಿ, ಕೊಲ್ಹಾಪುರದ ಹೆಣ್ಣುಮಕ್ಕಳ ಹೈಸ್ಕೂಲೊಂದರಿಂದ ನನಗೆ ಕಾಗದ ಬಂತು. ವಿಜ್ಞಾನ ಕಲಿಸಲು ನನ್ನನ್ನು ತೆಗೆದುಕೊಂಡಿದ್ದರು. ಸೋಮವಾರ ಮುಂಜಾನೆ ಹನ್ನೊಂದರೊಳಗೆ ಹಾಜರಾಗಬೇಕು. ಆಗದಿದ್ದರೆ ಜಾಗ ಯಾದಿಯಲ್ಲಿಯ ಮುಂದಿನ ಹೆಸರಿಗೆ ಹೋಗುತ್ತದೆ. ಕಾಗದವನ್ನು ಅಪ್ಪ ಎರಡು ಸಲ ಓದಿದರು. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಊಟಕ್ಕೆ ಕೂತಾಗ, ಹೋಗುವುದೇ ಆದರೆ ಮನೆಯ ಮೋಟಾರಿನಲ್ಲಿ, ಆಯಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಕು, ಬಸ್ಸಿನ ಮಾತು ಎತ್ತಬಾರದು ಎಂದರು. ಪೆಟ್ರೋಲು ಸಿಗದ ಆಗಿನ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡುತ್ತಿದ್ದವು, ಹಿಂದೆ ಅದರ ಒಲೆ ಕಟ್ಟಿರುತ್ತಿದ್ದರು. ಏರು ಬಂದಲ್ಲಿ ಜನರೆಲ್ಲ ಇಳಿದು ನಡೆಯಬೇಕಾಗುತ್ತಿತ್ತು. ತಮ್ಮ ಮಗಳು ನೌಕರಿಗೆಂದು ಟ್ರಂಕು ಹೊತ್ತು ಹಾಗೆ ನಡೆಯುವುದನ್ನು ನಾಲ್ಕು ಜನ ನೋಡುವುದು ಅಪ್ಪನಿಗೆ ಬೇಕಿರಲಿಲ್ಲ. ಎರಡು ತಿಂಗಳ ಪೆಟ್ರೋಲ್ ಕೂಪನ್ನುಗಳನ್ನು ಕೂಡಿಸಿಟ್ಟರು. ಅವು ತೀರಿದರೆ ಇನ್ನೊಂದು ಸಲ ಹೊರಡುವ ಮಾತಿಲ್ಲ.

ಶುಕ್ರವಾರ ಹೊರಟೆವು. ಇಚಲಕರಂಜಿಯಲ್ಲಿ ಸೋದರಮಾವನ ಮನೆಯಲ್ಲಿ ಎರಡು ದಿನ ಇದ್ದು, ಸೋಮವಾರ ಅಲ್ಲಿಂದಲೇ ಕೊಲ್ಹಾಪುರಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಅಪ್ಪ ಮುಂದೆ, ಆಯಿ ಮತ್ತು ನಾನು ಹಿಂದೆ, ಮೋಟಾರು ನಡೆಸುವವನು ನಮ್ಮ ಮನೆಯ ಹಳೆಯ ಡ್ರೈವರು ಸಂತೂ. ಮಳೆ ಇನ್ನೂ ಬಂದಿರಲಿಲ್ಲ. ಹತ್ತು ಮೈಲಿ ಹೋಗುವುದರಲ್ಲಿ ಮೋಟಾರಿನ ಮೂಗಿನಿಂದ ಉಗಿ ಎದ್ದಿತು. ನಿಲ್ಲಿಸಿ, ಆರಿಸಿ, ಹತ್ತಿರದ ಬಾವಿ ಹುಡುಕಿ ನೀರು ತಂದು ಹಾಕಿದೆವು. ಮತ್ತೆ ಆರು ಮೈಲಿ. ಆಮೇಲೆ ನಾಲ್ಕು. ಪ್ರತಿ ಬಾವಿಯ ಹತ್ತಿರವೂ ಆಯಿ ತನ್ನ ಬಟ್ಟೆ ಬಿಚ್ಚಿ ನೀರು ಸೋಸುವುದು, ಬುಡದ ಬಳೆಯ ತಂಬಿಗೆಯಲ್ಲಿ ಜೀವಗಳನ್ನು ತಿರುಗಿ ಇಳಿಸುವುದು, ನಮಗೆ ಬೆನ್ನು ಮಾಡಿ ನಿಂತು ಡಬ್ಬಿಯಲ್ಲಿ ಏನೋ ಕಲೆಸಿ ಸಂತೂನ ಕೈಗೆ ಕೊಡುವುದು ನಡೆದೇ ಇತ್ತು. ಉಗಿಯಲ್ಲಿ ಏನೋ ಸಿಹಿಯಾದ ಖಾರದ ವಾಸನೆ ಇತ್ತು. ಆಯಿಯ ಎಲೆಯಡಿಕೆಯ ಚೀಲದ್ದಿರಬೇಕೆಂದುಕೊಂಡೆ. ಆಯಿ ಎಲೆಯಡಿಕೆ ಬಿಟ್ಟು ಹನ್ನೆರಡು ವರ್ಷವಾಗಿತ್ತೆಂಬುದು ನನಗೆ ಹೊಳೆಯಲಿಲ್ಲ. ಪ್ರಯೋಗಶಾಲೆಯಲ್ಲಿ ಕಣ್ಣು ಕಟ್ಟಿ ವಾಸನೆಯಿಂದಲೇ ಆಮ್ಲಗಳ ಹೆಸರು ಹೇಳಿ ಗೆಳತಿಯರಿಂದ ಶಹಭಾಷ್ ಅನ್ನಿಸಿಕೊಂಡವಳು ನಾನು.

ಹೊತ್ತು ಮುಳುಗುವ ಮುಂಚೆ ಊಟ ಮಾಡಬೇಕಾದ ಆಯಿ ಇಚಲಕರಂಜಿ ಮುಟ್ಟುವ ಹೊತ್ತಿಗೆ ಸೂರ್ಯನನ್ನೂ ಮೋಟಾರನ್ನೂ ಸರದಿಯಂತೆ ನೋಡುತ್ತಿದ್ದಳು. ಮಾಮಾನ ಮನೆಯೆಂದರೆ ಮುಂದೆ ಮನೆ, ಹಿಂದೆ ಮಗ್ಗದ ಶೆಡ್ಡು. ಕರೆಂಟಿನ ಮಗ್ಗಗಳ ಖಟಖಟ ಸದ್ದಿನಲ್ಲಿ ಅಲ್ಲಿಯವರೆಲ್ಲ ಗಟ್ಟಿ ದನಿಯಲ್ಲೇ ಮಾತಾಡುತ್ತಿದ್ದರು. ಮಗ್ಗ ನಿಂತಾಗಲೂ ದನಿ ಇಳಿಯುತ್ತಿರಲಿಲ್ಲ. ಮಾಮಾ ಉಗಿಯಾಡುವ ಮೋಟಾರನ್ನು ನೋಡಿ ನಕ್ಕು, ನನ್ನ ಕಡೆ ತಿರುಗಿದ.

"ಗಾಡಿಗೂ ಬುದ್ಧಿ ಐತಿ ನೋಡು ಪದ್ಮಾ. ಹುಡುಗಿ ನೌಕರಿಗೆ ಹೋಗೂದು ಬ್ಯಾಡ ಅಂತ ಇಲ್ಲೇ ಕುಂತೈತಿ. ದಾನೋಳಿಗೆ ಹೋಗಾಕ ಎತ್ತಿನ ಬಂಡಿ ಸಾಕು."

ದಾನೋಳಿಯಲ್ಲಿ ಮಾಮಾ ನನಗಾಗಿ ಒಂದು ಸಂಬಂಧ ನೋಡಿಟ್ಟಿದ್ದ. ಹೊಲಮನೆ ಇದ್ದ ಒಳ್ಳೆಯ ಜನ. ಅವರ ಮೇಲೆ ನನ್ನದೇನೂ ದೂರಿಲ್ಲ. ಅಪ್ಪ ನಗಲಿಲ್ಲ. ಕೈಕಾಲು ತೊಳೆದುಕೊಂಡು ಬಂದು, ಟವಲಿನಿಂದ ಮುಖ ಒರೆಸುತ್ತ, ನನ್ನನ್ನು ನೋಡದೆ ಹೇಳಿದರು:

"ಸೋಮವಾರ ಹೊತ್ತಿಗೆ ಗಾಡಿ ನೆಟ್ಟಗಾದ್ರ ಹೋಗೂಣು. ಇಲ್ಲಂದ್ರ ನಮ್ಮ ಕರ್ಮದಾಗ ಇಲ್ಲ ಅಂತ ತಿಳಕೊಂಡು ಊರಿಗೆ ತಿರಗೂಣು."

ಅದರಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ನಾಲ್ಕು ವರ್ಷ ಹಾಸ್ಟೆಲ್ಲಿನಲ್ಲಿದ್ದು ಓದಿದ್ದು, ಪರೀಕ್ಷೆ, ಅರ್ಜಿ, ಬಂದ ಕಾಗದ ಎಲ್ಲ ಈಗ ಮೋಟಾರಿನ ಮೂಗಿನಲ್ಲಿ ಬಂದು ಕೂತಿದ್ದವು.

ಶನಿವಾರ ಮುಂಜಾನೆ ಇಮಾಮಸಾಬ್ ಮಿಸ್ತ್ರಿ ಬಂದ. ಮಗ್ಗದ ಇಂಜಿನ್ನು, ನೀರೆತ್ತುವ ಪಂಪು, ಮೋಟಾರು ಏನು ಕೆಟ್ಟರೂ ಆ ಓಣಿಯವರು ಕರೆಯುತ್ತಿದ್ದುದು ಅವನನ್ನೇ. ಮುಂದಿನ ರೇಡಿಯೇಟರನ್ನು ಬಿಚ್ಚಿ ಅಂಗಳದ ಕಲ್ಲಿನ ಮೇಲೆ ತಲೆಕೆಳಗಾಗಿ ಇಟ್ಟು ಮೇಲೆ ಎರಡು ಏಟು ಹಾಕಿದ. ನಿಧಾನಕ್ಕೆ ಕರಿ ಲೇಹ್ಯದಂಥದ್ದು ಇಳಿಯತೊಡಗಿತು. ನಡುನಡುವೆ ಸುಣ್ಣದ ಬಿಳಿ ಹಕ್ಕಳೆ. ಅಂಗಳದ ತುಂಬ ಲವಂಗದ ವಾಸನೆ. ಮಗ್ಗದ ಕೆಲಸದವರೂ ಬಾಗಿಲಿಗೆ ಬಂದು ಇಣುಕಿದರು.

ಮಿಸ್ತ್ರಿ ಅದನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದ. "ಸಾವ್ಕಾರ್ರ, ಇದಕ್ಕ ನೀರು ಹಾಕ್ತಿದ್ರೋ, ಕಷಾಯಾ ಹಾಕ್ತಿದ್ರೋ?"

ಅಪ್ಪ ಸಂತೂನ ಕಡೆ ತಿರುಗಿದರು. ಇಷ್ಟು ವರ್ಷ ಗಾಡಿ ನಿನ್ನ ಕೈಯಲ್ಲಿದೆ, ಏನು ಹಾಕಿದಿ ಹೇಳು ಎಂದು ಗದರಿದರು. ಸಂತೂ ತನ್ನ ಕಾಲಬೆರಳುಗಳನ್ನು ನೋಡುತ್ತ ನಿಂತ. ಆ ವಾಸನೆ ಹತ್ತು ವರ್ಷ ನನ್ನ ಅಂಗೈಯಲ್ಲೇ ಇದ್ದದ್ದು; ನನಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಹೇಳಬೇಕಿತ್ತು. ಹೇಳಿದರೆ ಆಯಿಯ ಮೇಲೆ ಬರುತ್ತದೆ, ಹೇಳದಿದ್ದರೆ ಸಂತೂನ ಮೇಲೆ ಎಂದು ಲೆಕ್ಕ ಹಾಕುತ್ತ ನಾನು ನಿಂತಿರುವಾಗಲೇ ಆಯಿ ಜಗಲಿಯಿಂದ ಇಳಿದು ಬಂದಳು.

"ಅವನ್ಯಾಕ ಬೈತಿ? ನಾ ಹಾಕಸ್ತಿದ್ದೆ. ಆ ನೀರು ಒಳಗ ಕುದೀತೈತೋ ಇಲ್ಲೋ? ಜೀವ ಇದ್ದ ನೀರು ಕುದ್ದರ ಆ ಪಾಪ ಗಾಡಿ ಇಟ್ಟವಗ. ನಿನಗ ಹತ್ತಬಾರ್ದಂತ ಹಾಕಸೀನಿ."

ಯಾವಾಗಿನಿಂದ ಎಂದು ಅಪ್ಪ ಕೇಳಿದರು. ಮೋಟಾರು ಮನೆಗೆ ಬಂದ ದಿನದಿಂದ ಎಂದಳು. ಏಳು ವರ್ಷ ತನ್ನ ಪಾಪವನ್ನು ತಾಯಿ ಚಿಟಿಕೆ ಚಿಟಿಕೆಯಾಗಿ ತೆಗೆದುಹಾಕುತ್ತಿದ್ದಾಳೆಂದರೆ ಮಗ ಏನು ಹೇಳಬೇಕು? ಮಿಸ್ತ್ರಿ ಮಾತ್ರ ಗಂಭೀರವಾಗಿ, ಅಷ್ಟು ಲವಂಗ ಕುಡಿದ ಮೇಲೆ ಈ ಗಾಡಿಯ ಗೇರಿನ ಹಲ್ಲುಗಳಾದರೂ ಗಟ್ಟಿ ಇರಬೇಕು ಎಂದ. ಆಮೇಲೆ ನಮಗೆಲ್ಲ ತಿಳಿಯುವಂತೆ ಬಿಡಿಸಿ ಹೇಳಿದ. ರೇಡಿಯೇಟರಿನೊಳಗೆ ಹುಲ್ಲುಕಡ್ಡಿಯಷ್ಟು ಸಣ್ಣ ನಳಿಗೆಗಳಿರುತ್ತವೆ. ಇಂಜಿನ್ನಿನಲ್ಲಿ ಕಾದ ನೀರು ಅವುಗಳಲ್ಲಿ ಹರಿದು ಆರಬೇಕು. ಸವಳು ನೀರಿನ ಸುಣ್ಣ ನಳಿಗೆಗೆ ಹತ್ತಿದೆ, ಸುಣ್ಣಕ್ಕೆ ಲವಂಗದ ಪುಡಿ ಹತ್ತಿದೆ, ಎರಡೂ ಸೇರಿ ಗಾರೆಯಾಗಿದೆ. ತೊಳೆದರೆ ಬಿಡುವುದಿಲ್ಲ. ಬದಲಿಸಬೇಕು. ಹೊಸದು ಮುಂಬಯಿಯಿಂದ ಬರಬೇಕು, ಈ ಯುದ್ಧದಲ್ಲಿ ಯಾವಾಗ ಬರುತ್ತದೆಂದು ಹೇಳುವಂತಿಲ್ಲ.

ಹಾಗೆ ಹೇಳಿ ಅವನು ಮಗ್ಗದ ಶೆಡ್ಡಿನ ಮೂಲೆಯ ಕಡೆ ನೋಡಿದ. ನಾವೂ ನೋಡಿದೆವು. ಅಲ್ಲಿ ಮಾಮಾನ ಮೋಟಾರು ಇತ್ತು. ಅದೇ ಕಂಪನಿಯದು, ಅದೇ ನಮೂನೆಯದು. ಟಾಯರು ಸಿಗದೆ ಎರಡು ವರ್ಷದಿಂದ ಇಟ್ಟಿಗೆಗಳ ಮೇಲೆ ನಿಂತಿತ್ತು. ಅದರ ಮೇಲೆ ನೂಲಿನ ಪೆಟ್ಟಿಗೆಗಳನ್ನು ಒಟ್ಟಿದ್ದರು.

ಮಾಮಾನಿಗೆ ತಕ್ಷಣ ಗೊತ್ತಾಯಿತು. "ನನ್ನ ಗಾಡೀ ಮೂಗು ಕಿತ್ತು ನಿಮ್ಮ ಗಾಡಿಗೆ ಹಚ್ಚೂದನ? ನಾಳೆ ಟಾಯರ್ ಸಿಕ್ರ ನಾ ಏನ್ ಮಾಡ್ಲಿ?"

ಅಪ್ಪ ಕೇಳಲಿಲ್ಲ. ಹೆಂಡತಿಯ ಅಣ್ಣನ ಮುಂದೆ ಕೈ ಚಾಚುವವರಲ್ಲ ಅವರು. ಊರಿಗೆ ಎತ್ತಿನ ಬಂಡಿ ಎಲ್ಲಿ ಸಿಗುತ್ತದೆಂದು ಸಂತೂನನ್ನು ವಿಚಾರಿಸತೊಡಗಿದರು. ನಾನು ಒಳಗೆ ಹೋಗಿ ಟ್ರಂಕಿನ ಮೇಲೆ ಕೂತೆ. ಅಳಲಿಲ್ಲ, ಮಾಮಿ ಬಂದು ಹೋಗುತ್ತಿದ್ದಳು, ಅಳುವುದಕ್ಕೆ ಜಾಗವಿರಲಿಲ್ಲ. ಬಾಗಿಲಿನಿಂದ ಅಂಗಳ ಕಾಣುತ್ತಿತ್ತು.

ಆಯಿ ಸೊಸೆಯ ತವರಿನಲ್ಲಿ ಏನನ್ನೂ ಬೇಡುವವಳಲ್ಲ. ಅಲ್ಲಿಗೆ ಬಂದರೆ ತನ್ನ ಚಾಪೆ, ತನ್ನ ತಟ್ಟೆ, ತನ್ನ ಸೋಸುವ ಬಟ್ಟೆ ತಂದುಕೊಳ್ಳುತ್ತಿದ್ದಳು. ಉಪ್ಪು ಕಡಿಮೆಯಾದರೆ ಕಡಿಮೆ ಉಪ್ಪಿನದನ್ನೇ ಉಣ್ಣುತ್ತಿದ್ದಳು. ಹಾಗೆ ಬೇಡದಿರುವುದು ಗಂಡಿನ ಕಡೆಯವರ ದೊಡ್ಡಸ್ತಿಕೆಯೋ ಸಂಕೋಚವೋ ನನಗಿನ್ನೂ ಗೊತ್ತಿಲ್ಲ. ಅಂಥವಳು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಮಾಮಾನ ಎದುರಿಗೆ ಹೋಗಿ ನಿಂತಳು.

"ನಿಮ್ಮ ಮನ್ಯಾಗ ಇಪ್ಪತ್ತೈದು ವರ್ಷದಾಗ ನಾ ಏನರ ಬೇಡೇನೇನು?"

"ಇಲ್ರಿ, ಆಯಿಯವ್ರ."

"ಈಗ ಬೇಡಾಕತ್ತೇನಿ. ಆ ಜಾಳಿಗಿ ಕೊಡ್ರಿ. ಕೆಡಿಸಿದಾಕಿ ನಾನು. ಹುಡುಗಿ ಯಾಕ ಮನ್ಯಾಗ ಕುಂಡ್ರಬೇಕು?"

ಮಾಮಾ ಒಳ್ಳೆಯವನು. ಬಾಯಿ ಜೋರು ಅಷ್ಟೇ. ಅವನು ಆಯಿಯನ್ನು ನೋಡಿದ, ನೂಲಿನ ಪೆಟ್ಟಿಗೆಗಳನ್ನು ನೋಡಿದ, ಕೊನೆಗೆ ಮಿಸ್ತ್ರಿಗೆ, ಬಿಚ್ಚುವಾಗ ಬಣ್ಣ ಕೆರೆಯಬೇಡ ಎಂದಷ್ಟೇ ಹೇಳಿ ಮಗ್ಗದ ಕಡೆ ಹೋಗಿಬಿಟ್ಟ. ದಾನೋಳಿಯ ಮಾತನ್ನು ಆ ಎರಡು ದಿನ ಅವನು ಮತ್ತೆ ಎತ್ತಲಿಲ್ಲ.

ಬಿಚ್ಚಿದ ಜಾಳಿಗೆಯನ್ನು, ಎಂದರೆ ಮಾಮಾನ ಮೋಟಾರಿನ ರೇಡಿಯೇಟರನ್ನು, ನೋಡಿದರೆ ಹಿಂಜಿದ ಹತ್ತಿಯ ಹಾಸಿಗೆಯ ಹಾಗಿತ್ತು. ಶೆಡ್ಡಿನಲ್ಲಿ ಎರಡು ವರ್ಷ ಹಾರಿದ ನೂಲಿನ ಧೂಳೆಲ್ಲ ಅದರ ಸಣ್ಣ ಕಿಂಡಿಗಳಲ್ಲಿ ಹೋಗಿ ಕೂತಿತ್ತು. ಗಾಳಿ ಹಾಯದಿದ್ದರೆ ನೀರು ಆರುವುದು ಹೇಗೆ? ಬ್ರಷ್ಷಿಗೆ ಬರಲಿಲ್ಲ. ನಾನು ತಲೆಯಿಂದ ಒಂದು ಪಿನ್ನು ತೆಗೆದು, ಜಗಲಿಯ ಮೇಲೆ ಕೂತು, ಒಂದೊಂದೇ ಕಿಂಡಿಯ ಹತ್ತಿ ತೆಗೆಯತೊಡಗಿದೆ. ಮಧ್ಯಾಹ್ನದವರೆಗೆ ಅದೇ ಕೆಲಸ. ಮಗ್ಗದ ಹೆಂಗಸರು ಬಂದು ನೋಡಿ, ಬಿ.ಎಸ್‌ಸಿ. ಅಂದರೆ ಇದೇ ಏನು ಎಂದು ತಮ್ಮ ತಮ್ಮಲ್ಲಿ ಕೇಳಿಕೊಂಡರು. ನನಗೆ ಬೇಸರವಾಗಲಿಲ್ಲ. ಕೈಗೆ ಕೆಲಸ ಸಿಕ್ಕಿದ್ದೇ ದೊಡ್ಡದಾಗಿತ್ತು. ಆಮೇಲೆ ಮಿಸ್ತ್ರಿ ಅದರ ಬಾಯಿಗಳನ್ನು ಬಿಗಿದು, ದನಗಳ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಒಂದೇ ಕಡೆ ಗುಳ್ಳೆ ಎದ್ದವು. ಅಲ್ಲಿಗೆ ಬೆಸುಗೆ ಹಾಕಿದ. ರಬ್ಬರಿನ ನಳಿಗೆ ಬಿರುಕು ಬಿಟ್ಟಿತ್ತು. ಹೊಸ ರಬ್ಬರು ಎಲ್ಲಿಯದು? ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ ತಂತಿಯಿಂದ ಬಿಗಿದ. ಇಂಜಿನ್ನಿನ ಹೊಟ್ಟೆಯನ್ನು ಸೋಡಾ ಕಲೆಸಿದ ನೀರಿನಿಂದ ನಾಲ್ಕು ಸಲ ತೊಳೆದ. ನಾಲ್ಕನೆಯ ಸಲವೂ ಸ್ವಲ್ಪ ಲವಂಗ ಬಂತು.

ಭಾನುವಾರ ಜೋಡಿಸುವುದು ಮುಗಿದು ನೀರು ಹಾಕುವ ಹೊತ್ತು ಬಂತು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಎಚ್ಚರಿಕೆ ಕೊಟ್ಟ: ಲವಂಗ ಹಾಕುವುದು ನಿಂತಿತು; ಆದರೆ ಈ ಅಂಗಳದ ಬಾವಿಯ ಸವಳು ನೀರು ಹಾಕಿದರೂ ಮತ್ತೆ ಅದೇ ಗತಿ, ನೀರನ್ನು ನೋಡಿ ಆರಿಸಬೇಕು. ಇಲ್ಲಿ ನಾನು ಬಾಯಿ ಹಾಕಿದೆ. ಈ ನೀರಿನಲ್ಲಿ ಕ್ಯಾಲ್ಶಿಯಂ ಬೈಕಾರ್ಬೊನೇಟ್ ಕರಗಿರುತ್ತದೆ, ಕಾದಾಗ ಅದು ಒಡೆದು ಸುಣ್ಣವಾಗಿ ಕೂಡುತ್ತದೆ ಎಂದು ಪುಸ್ತಕದಲ್ಲಿದ್ದ ಹಾಗೆ ವಿವರಿಸಿದೆ. ಮಿಸ್ತ್ರಿ ಪೂರ್ತಿ ಕೇಳಿಕೊಂಡ.

"ಹೌದ್ರಿ ಅಕ್ಕಾರ. ನಾವು ಅದಕ್ಕ ಸವಳು ಅಂತೀವಿ."

ನಾನು ಪುಸ್ತಕ ಬಿಟ್ಟು ಕೆಲಸಕ್ಕೆ ಹತ್ತಿದೆ. ಸಾಬೂನನ್ನು ಕೆರೆದು ನೀರಲ್ಲಿ ಕರಗಿಸಿದೆ. ನಾಲ್ಕು ಸೀಸೆಗಳಲ್ಲಿ ಸಮಸಮ ನೀರು ತೆಗೆದುಕೊಂಡೆ. ಅಂಗಳದ ಬಾವಿಯದು, ನೂಲಿಗೆ ಬಣ್ಣ ಹಾಕುವವರ ಬಾವಿಯದು, ಸಂತೂ ಡಬ್ಬಿಯಲ್ಲಿ ತಂದ ಪಂಚಗಂಗೆ ಹೊಳೆಯದು, ನಾಲ್ಕನೆಯದು ಆಯಿ ತನಗಾಗಿ ಕುದಿಸಿ ಆರಿಸಿಟ್ಟಿದ್ದ ನೀರು, ಅದೂ ಅಂಗಳದ ಬಾವಿಯದೇ. ಒಂದೊಂದಕ್ಕೂ ಸಾಬೂನಿನ ನೀರನ್ನು ಹನಿಹನಿಯಾಗಿ ಬಿಟ್ಟು, ಅಲುಗಿಸಿ, ನೊರೆ ನಿಲ್ಲುವವರೆಗೆ ಹನಿ ಎಣಿಸಿದೆ. ಹನಿ ಕಡಿಮೆ ಹಿಡಿದಷ್ಟೂ ಸವಳು ಕಡಿಮೆ. ಅಪ್ಪ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ನಾಲ್ಕು ವರ್ಷ ನಾನು ಏನು ಕಲಿತೆನೆಂದು ಅವರು ಕಣ್ಣಾರೆ ನೋಡಿದ್ದು ಅದೇ ಮೊದಲು. ಎರಡೂ ಬಾವಿಗಳ ನೀರು ಹನಿಗಳನ್ನೆಲ್ಲ ನುಂಗಿ ಬರೀ ಮೊಸರಿನ ಹಾಗಾಯಿತು. ಹೊಳೆಯ ನೀರಿನಲ್ಲಿ ಬೇಗನೆ ನೊರೆ ನಿಂತಿತು. ಕುದಿಸಿದ ನೀರು ಅದಕ್ಕಿಂತ ಎರಡೇ ಹನಿ ಹಿಂದೆ.

ಹೊಳೆಯ ನೀರನ್ನೇ ಹಾಕೋಣ ಎಂದೆ. ಅಪ್ಪ ಒಪ್ಪಿದರು. ಆಯಿ ಒಪ್ಪಲಿಲ್ಲ. ಸೋಸಿದ ಮೇಲೆ ಹೊಳೆಯ ಜೀವ ಹೊಳೆಗೇ ಹೋಗಬೇಕು. ಮತ್ತೆ ಅಲ್ಲಿಯವರೆಗೆ ಹೋಗುವವರು ಯಾರು? ಹೋದರೂ, ಲವಂಗವಿಲ್ಲದ ನೀರು ಗಾಡಿಯಲ್ಲಿ ಕುದ್ದರೆ ಆ ಪಾಪ ಎಲ್ಲಿ ಹೋಯಿತು? ಮಿಸ್ತ್ರಿ ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತ. ಇದು ತನ್ನ ಕಸುಬಿಗೆ ಸೇರಿದ ತಕರಾರಲ್ಲ ಎಂದು ಅವನಿಗೆ ಗೊತ್ತಾಗಿತ್ತು.

ನಾನು ನಾಲ್ಕನೆಯ ಸೀಸೆಯನ್ನು ನೋಡುತ್ತ ನಿಂತಿದ್ದೆ. ಬಹಳ ಜಾಣತನದ ಮಾತಲ್ಲ; ಆಯಿಯ ಹಂಡೆಯ ತಳದಲ್ಲಿ ಬಿಳಿ ಹಿಟ್ಟು ಕೂತಿರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಂಗಳದ ಬಾವಿಯ ನೀರನ್ನೇ ಸೋಸಿ, ಜೀವವನ್ನು ಅದೇ ಬಾವಿಗೆ ಬಿಟ್ಟು, ಆಯಿಯ ನೇಮದ ಹಾಗೆ ಕುದಿಸಿದರೆ ಸುಣ್ಣ ಹಂಡೆಯಲ್ಲೇ ಉಳಿಯುತ್ತದೆ, ಮೇಲಿನ ತಿಳಿಯನ್ನು ಗಾಡಿಗೆ ಹಾಕಬಹುದು. ಮಿಸ್ತ್ರಿಗೆ ಸವಳಿಲ್ಲ, ಆಯಿಗೆ ಪಾಪವಿಲ್ಲ. ಹೇಳಿದೆ. ಆಯಿ ತನ್ನ ನೇಮವನ್ನು ಮೋಟಾರೂ ಹಿಡಿಯುತ್ತದೆಂದು ಕೇಳಿ ಖುಷಿಯಾದಳು. ಆದರೆ ಕೂಡಲೇ ಇನ್ನೊಂದು ತೊಡಕು ತೆಗೆದಳು.

"ಕುದಿಸಿದ ನೀರಿಗೆ ಎಂಟು ಪಹರ ಆಯುಷ್ಯ. ನಾಳೆ ಈ ಹೊತ್ತಿಗೆ ಚೆಲ್ಲಿ ಬ್ಯಾರೆ ಹಾಕಬೇಕು. ದಿನಾ ಯಾರು ಹಾಕ್ತಾರು?"

ನಾನು, ಮೋಟಾರು ಓಡಿದಾಗೆಲ್ಲ ನೀರು ಮತ್ತೆ ಕಾಯುತ್ತದೆ, ಅಂದಿನಿಂದ ಮತ್ತೆ ಎಂಟು ಪಹರ ಹೊಸದಾಗಿ ಎಣಿಸಬಹುದಲ್ಲವೇ ಎಂದೆ. ಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೋ ಇಲ್ಲವೋ ನನಗೆ ತಿಳಿಯದು. ಆಯಿ ಬೆರಳ ಗೆಣ್ಣುಗಳ ಮೇಲೆ ಪಹರ ಎಣಿಸಿ ನೋಡಿದಳು.

"ಹಂಗಾರ ಆತು. ಆದ್ರ ದಿನಾ ಓಡಸಬೇಕು ಮತ್ತ," ಎಂದು ಅಪ್ಪನ ಕಡೆ ನೋಡಿದಳು. ಅಪ್ಪ ಕೂಪನ್ನಿನ ಲಕೋಟೆಯನ್ನು ಜೇಬಿನೊಳಗೆ ಇನ್ನಷ್ಟು ಕೆಳಗೆ ತಳ್ಳಿದರು.

ಸೋಮವಾರ ಏಳೂವರೆಗೆ ಹೊರಟೆವು. ಮಾಮಿ ಮೊಸರು ಕೊಟ್ಟಳು. ಮಾಮಾ ಬಂದು, ನಮ್ಮದಕ್ಕೆ ಹಚ್ಚಿದ್ದ ತನ್ನ ಮೋಟಾರಿನ ಮೂಗನ್ನು ಒಮ್ಮೆ ಸವರಿ ನೋಡಿ ಹೋದ. ಮೂರು ಮೈಲಿಗೊಮ್ಮೆ ಅಪ್ಪ ನಿಲ್ಲಿಸು ಎನ್ನುತ್ತಿದ್ದರು. ಇಳಿದು ರೇಡಿಯೇಟರಿನ ಹತ್ತಿರ ಅಂಗೈ ಹಿಡಿದು ನೋಡಿ, ಬಂದು ಕೂಡುತ್ತಿದ್ದರು. ಬೇಕೆಂದೇ ತಡ ಮಾಡುತ್ತಿದ್ದಾರೆಂದು ನನಗೆ ಅನುಮಾನ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಮುಂದೆ ಎತ್ತಿನ ಬಂಡಿಗಳ ಸಾಲು. ಕೊಲ್ಹಾಪುರ ಮೂರು ಮೈಲಿ ಇದೆ ಎನ್ನುವಾಗ, ಹತ್ತೂ ಹತ್ತಕ್ಕೆ, ಮೋಟಾರಿನ ಮೂಗಿನ ಕೆಳಗಿನಿಂದ ಫುಸ್ಸೆಂದು ನೀರು ಚಿಮ್ಮಿ ಉಗಿ ಎದ್ದಿತು.

ಸಂತೂ ನಿಲ್ಲಿಸಿದ. ಆಯಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಳ್ಳತೊಡಗಿದಳು. ಅಪ್ಪ ಇಳಿದು ಹೋಗಿ ಉಗಿಯ ಮುಂದೆ ನಿಂತರು. ಈಗ ತಿರುಗಿ ಬಂದು ಕರ್ಮದ ಮಾತು ಹೇಳುತ್ತಾರೆಂದು ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದೆ. ಅವರು ತಿರುಗಿದರು. ಹಣೆಯ ಮೇಲೆ ಬೆವರಿತ್ತು. ಇಷ್ಟು ಹೊತ್ತು ಮೂರು ಮೈಲಿಗೊಮ್ಮೆ ಇಳಿದದ್ದು ತಡ ಮಾಡಲು ಅಲ್ಲ, ಹೆದರಿಕೆಗೆ ಎಂದು ಆಗ ನನಗೆ ಕಂಡಿತು. ನನ್ನ ಕಿಟಕಿಯ ಹತ್ತಿರ ಬಂದು ಕೇಳಿದರು:

"ಏನ್ ಮಾಡೂಣು, ಪದ್ಮಾ?"

ಮೋಟಾರಿನ ಬಗ್ಗೆ ಅವರು ಕೇಳಬೇಕಾದದ್ದು ಸಂತೂನನ್ನು. ನಾನು ಇಳಿದು ನೋಡಿದೆ. ಬೆಸುಗೆ ಬಿಟ್ಟಿರಲಿಲ್ಲ. ಸೈಕಲ್ ಟ್ಯೂಬಿನ ಕಟ್ಟು ಒಣಗೇ ಇತ್ತು. ನೀರು ಬಂದದ್ದು ಹೆಚ್ಚಾದದ್ದನ್ನು ಹೊರಗೆ ಬಿಡುವ ಸಣ್ಣ ಕೊಳವೆಯಿಂದ. ನೀರು ಕಾದರೆ ಹಿಗ್ಗುತ್ತದೆ. ಸಂತೂ ಭಕ್ತಿಯಿಂದ ಕಂಠಮಟ್ಟ ತುಂಬಿದ್ದ. ಹಾಗೆಂದು ನನಗೆ ಅನ್ನಿಸಿತು, ಖಚಿತವಿರಲಿಲ್ಲ. ಒಳಗೆ ಇನ್ನೇನೋ ಒಡೆದಿದ್ದರೆ ಇಂಜಿನ್ನೇ ಸುಟ್ಟುಹೋಗಬಹುದಿತ್ತು. ಆ ಒಂದು ನಿಮಿಷದಷ್ಟು ಒಂಟಿಯಾಗಿ ನಾನು ಯಾವ ಪರೀಕ್ಷೆಯ ಹಾಲಿನಲ್ಲೂ ನಿಂತಿದ್ದಿಲ್ಲ.

"ಮುಚ್ಚಳಾ ತಗೀಬ್ಯಾಡ್ರಿ, ಅಪ್ಪಾ. ಹೆಚ್ಚಾದದ್ದು ಚೆಲ್ಲೈತಿ, ಅಷ್ಟ. ಹೋಗೂಣು."

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಹೋಗಿ ತಮ್ಮ ಜಾಗದಲ್ಲಿ ಕೂತು, ಸಂತೂಗೆ ನಡಿ ಎಂದರು. ಮತ್ತೆ ಎಲ್ಲೂ ನಿಲ್ಲಿಸು ಎನ್ನಲಿಲ್ಲ. ಉಗಿಯೂ ಏಳಲಿಲ್ಲ.

ಶಾಲೆಯ ಮುಂದೆ ಇಳಿದಾಗ ಹತ್ತೂ ಮುಕ್ಕಾಲು. ಮುಖ್ಯಾಧ್ಯಾಪಕಿಯವರು ಹಾಜರಿ ಪುಸ್ತಕವನ್ನು ನನ್ನ ಕಡೆ ಸರಿಸಿ, ದಾರಿಯಲ್ಲಿ ತೊಂದರೆಯಾಯಿತೇ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲ ಎಂದೆ. ಸಹಿ ಮಾಡುವಾಗ ಬೆರಳ ತುದಿಗಳಲ್ಲಿ ಪಿನ್ನು ಚುಚ್ಚಿದ ಗುರುತುಗಳು ಕಾಣುತ್ತಿದ್ದವು. ಹೆಸರು ಬರೆದು ಮುಗಿಸಿದ ಮೇಲೆ, ಮೂರು ದಿನಗಳಿಂದ ಬಿಗಿಹಿಡಿದಿದ್ದ ಉಸಿರು ಸುಮ್ಮನೆ ತಾನಾಗಿಯೇ ಹೊರಗೆ ಹೋಯಿತು. ಎಷ್ಟು ಗಟ್ಟಿಯಾಗಿ ಎಂದರೆ ಅವರು ತಲೆಯೆತ್ತಿ ನೋಡಿದರು.

ತರಗತಿಗೆ ಇನ್ನೂ ಐದು ನಿಮಿಷವಿತ್ತು. ಆಯಿಗೆ ಹೇಳಿ ಬರೋಣವೆಂದು ಹೊರಬಾಗಿಲಿನವರೆಗೆ ಬಂದೆ. ಮೋಟಾರಿನ ಹತ್ತಿರ ಅಪ್ಪ ಯಾರೊಡನೆಯೋ ಮಾತಾಡುತ್ತಿದ್ದರು. ಬೀದಿಯ ಆಚೆ ಬದಿ ಬಾನೆಟ್ಟು ಎತ್ತಿದ ಇನ್ನೊಂದು ಮೋಟಾರು ಉಗಿಯಾಡುತ್ತ ನಿಂತಿತ್ತು, ಅದರ ಯಜಮಾನರಿರಬೇಕು. ನಿಮ್ಮ ಗಾಡಿ ತಣ್ಣಗಿದೆಯಲ್ಲ, ಎಂಥ ನೀರು ಹಾಕುತ್ತೀರೆಂದು ಅವರು ಕೇಳಿದ್ದರು.

"ನನಗ ಅದ್ರಾಗಿಂದು ತಿಳಿಯಂಗಿಲ್ರಿ," ಎನ್ನುತ್ತಿದ್ದರು ಅಪ್ಪ. "ನಮ್ಮ ಮಗಳು ಹತ್ತು ಸೀಸೆದಾಗ ಹತ್ತು ನಮೂನಿ ನೀರು ತಗೊಂಡು ಪರೀಕ್ಷಾ ಮಾಡಿ ಆರಿಸ್ಯಾಳ. ಈಗ ಒಳಗ ಕೆಲಸದ ಮ್ಯಾಲ ಅದಾಳ. ಸಾಲಿ ಬಿಟ್ಟಮ್ಯಾಲ ಬರ್ರಿ, ಆಕೀನ್ನ ಕೇಳ್ರಿ."

ನಾನು ಬಾಗಿಲಿನ ಹಿಂದೆಯೇ ನಿಂತೆ. ಹೊರಗೆ ಬಂದಿದ್ದರೆ ಅವರು ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಸೀಸೆಗಳಿದ್ದದ್ದು ನಾಲ್ಕು. ಅಳತೆಯಲ್ಲಿ ತಪ್ಪು ಕಂಡರೆ ತಿದ್ದದೆ ಬಿಡುವ ಸ್ವಭಾವ ನನ್ನದಲ್ಲ. ಅಂದು ತಿದ್ದಲಿಲ್ಲ.